ದೋಟಿಯ ಆಯ್ಕೆ: ಉದ್ದ, ಬಿಗುಪು, ಬಾಳಿಕೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಜನಜೀವನವು ಅಡಿಕೆಯನ್ನು ಆಶ್ರಯಿಸಿ ಬೆಳೆದುದೆಂಬುದು ಸರ್ವವಿದಿತ. ತುಂಗೆಯ ಕಣಿವೆಯ ಶೃಂಗೇರಿ, ಹರಿಹರಪುರಗಳಿಂದ ಹಿಡಿದು ಭದ್ರೆಯ ದಡದ ಬಾಳೆಹೊನ್ನೂರಿನವರೆಗೆ, ಎರಡು ಗುಡ್ಡಗಳ ನಡುವೆ ಎಲ್ಲಿ ನೀರಿನ ಒರತೆ ಇದೆಯೋ ಅಲ್ಲೆಲ್ಲ ಒಂದು ತೋಟವುಂಟು. ಈ ಮರಕ್ಕೆ ಹಳಗನ್ನಡದಲ್ಲಿ ಕೌಂಗು ಎಂದು ಹೆಸರು. ಸಂಸ್ಕೃತದಲ್ಲಿ ಪೂಗ, ಕ್ರಮುಕ ಮೊದಲಾದ ಪರ್ಯಾಯಪದಗಳು. ಮರವನ್ನು ಕವಿಗಳು ಬಣ್ಣಿಸಿದರು, ಕೋಶಕಾರರು ಹೆಸರಿಸಿದರು. ಆದರೆ ಆ ಮರದ ತುದಿಯಿಂದ ಕೊನೆಯನ್ನು ನೆಲಕ್ಕಿಳಿಸುವ ಉಪಕರಣದ ಕಡೆಗೆ ವಿದ್ವಾಂಸರ ದೃಷ್ಟಿ ಹರಿದುದು ಕಡಿಮೆ. ಆ ಉಪಕರಣವೇ ದೋಟಿ.

ದೋಟಿಯೆಂದರೆ ತುದಿಯಲ್ಲಿ ಕೊಕ್ಕೆಯನ್ನೋ ಕತ್ತಿಯನ್ನೋ ಕಟ್ಟಿದ ನೀಳವಾದ ಗಳ. ತೆಲುಗಿನಲ್ಲಿಯೂ ಇದಕ್ಕೆ ದೋಟಿಯೆಂದೇ ಹೆಸರು. ತಮಿಳಿನ ತೋಟ್ಟಿ ಎಂಬ ಪದಕ್ಕೆ ಆನೆಯ ಅಂಕುಶವೆಂದು ಅರ್ಥವಿದ್ದು, ಈ ಎರಡರ ನಂಟು ಸ್ಪಷ್ಟವಾಗಿದೆ. ಪದದ ಮೂಲಾರ್ಥ ಕೊಕ್ಕೆಯೇ ಹೊರತು ಕೋಲಲ್ಲ. ಹಿತ್ತಲಿನ ಮಾವು, ಹಲಸು, ನುಗ್ಗೆಗಳಿಗೆ ದೋಟಿ ಬಳಸುವಾಗ ಕೊಕ್ಕೆಯೇ ಮುಖ್ಯ. ಕೋಲು ಯಾವುದಾದರೂ ನಡೆಯುತ್ತದೆ. ಐವತ್ತು ಅರುವತ್ತು ಅಡಿಯ ಅಡಿಕೆ ಮರದ ಬುಡದಲ್ಲಿ ನಿಂತವನಿಗೆ ಮಾತ್ರ ಈ ಕ್ರಮ ತಿರುವುಮುರುವಾಗುತ್ತದೆ. ಅಲ್ಲಿ ಕೋಲಿನ ಗುಣವೇ ಸರ್ವಸ್ವ. ಅಂತಹ ಕೋಲನ್ನು ಆಯುವ ಬಗೆ ಹೇಗೆಂಬುದು ಪ್ರಕೃತ ಲೇಖನದ ವಿಷಯ.

ಹಿಂದೆ ಎತ್ತರದ ಮರಕ್ಕೆ ದೋಟಿಯ ಪ್ರಶ್ನೆಯೇ ಇರಲಿಲ್ಲ. ಕೊನೆಗಾರನು ಕಾಲಿಗೆ ತಳೆ ಹಾಕಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ ಮರವೇರುತ್ತಿದ್ದನು. ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಕೆಳಗೆ ಜಾರಿಸಿ, ಮರವನ್ನೇ ತೂಗಿ ಪಕ್ಕದ ಮರವನ್ನು ಹಿಡಿದು ಅತ್ತ ಹಾಯುತ್ತಿದ್ದನು. ನೆಲಕ್ಕಿಳಿಯದೆ ಹತ್ತಾರು ಮರಗಳ ಕೊಯ್ಲನ್ನು ಮುಗಿಸುವ ಈ ವಿದ್ಯೆ ಗುರುಮುಖೇನ ಬರತಕ್ಕದ್ದು, ಪುಸ್ತಕದಿಂದ ಬರುವುದಲ್ಲ. ಮಳೆಗಾಲದಲ್ಲಿ ಪಾಚಿಗಟ್ಟಿದ ಮರವನ್ನು ಔಷಧಿ ಹೊಡೆಯುವುದಕ್ಕಾಗಿ ಏರುವುದು ಇನ್ನೂ ಕಠಿನ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಪ್ರಾಣವನ್ನೇ ಕಳೆದುಕೊಂಡವರು ಮಲೆನಾಡಿನ ಅನೇಕ ಊರುಗಳಲ್ಲಿದ್ದಾರೆ. ತಂದೆಯ ಈ ಕಸುಬನ್ನು ಮಗನು ಹಿಡಿಯಲೊಲ್ಲದೆ ಶಾಲೆ ಕಲಿತು ಪಟ್ಟಣ ಸೇರಿದರೆ ಅವನನ್ನು ದೂರುವುದು ನ್ಯಾಯವಲ್ಲ. ಶಾಲೆಗಳನ್ನು ಕಟ್ಟಿದವರ ಅಪೇಕ್ಷೆಯೂ ಅದೇ ಆಗಿತ್ತಲ್ಲವೇ? ಹೀಗೆ ಮರವೇರುವವರು ವಿರಳರಾದರು. ಮರಗಳು ಮಾತ್ರ ಬೆಳೆಯುತ್ತಲೇ ಹೋದವು.

ಇದರೊಡನೆ ರೋಗಗಳ ಬಾಧೆ. ಕೊಳೆರೋಗವು ಹಳೆಯದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ಅದನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದ ಮೇಲೆ ಬೋರ್ಡೋ ದ್ರಾವಣದ ಸಿಂಪಡಿಕೆ ರೂಢಿಗೆ ಬಂದಿತು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಪಾಕ ಇಂದಿಗೂ ಅದೇ. ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು ನಲವತ್ತು ದಿನಗಳ ತರುವಾಯ ಮತ್ತೊಮ್ಮೆ ಹೊಡೆಯಬೇಕು. ಶೃಂಗೇರಿಯ ಸೀಮೆಯಂತಹ ವಿಪರೀತ ಮಳೆಯ ಕಡೆ ಮೂರನೆಯ ಸಲವೂ ಬೇಕಾಗುವುದುಂಟು. ಹಳದಿ ಎಲೆ ರೋಗವು ಈ ಮೂರು ತಾಲ್ಲೂಕುಗಳನ್ನು ದಶಕಗಳಿಂದ ಕಾಡುತ್ತಿದೆ. ಆ ರೋಗ ಹಿಡಿದ ಮರದ ಮಂಡೆ ಸೊರಗಿ, ತುದಿಯ ಕಾಂಡ ಸಣ್ಣಗಾಗುವುದರಿಂದ ಅದನ್ನು ಏರುವುದೇ ಅಪಾಯ. 2022ರ ಸುಮಾರಿನಿಂದ ಎಲೆಚುಕ್ಕಿ ರೋಗವೂ ಉಲ್ಬಣಿಸಿರುವುದರಿಂದ ಕೊನೆಗೆ ಮಾತ್ರವಲ್ಲದೆ ಅದಕ್ಕೂ ಮೇಲಿನ ಸೋಗೆಗೆ ಔಷಧಿಯನ್ನು ಮುಟ್ಟಿಸಬೇಕಾಗಿದೆ. ಮರವೇರುವ ಯಂತ್ರಗಳೂ ಬಂದಿವೆ. ದಕ್ಷಿಣ ಕನ್ನಡದ ಸಜೀಪದ ಕೃಷಿಕರೊಬ್ಬರು ರೂಪಿಸಿದ, ಆಳು ಕುಳಿತು ಏರುವ ಯಂತ್ರವು 2019ರಲ್ಲಿ ಬಹಳ ಪ್ರಸಿದ್ಧವಾಯಿತು. ವಿಟ್ಲದ ಸಂಶೋಧನಾ ಕೇಂದ್ರದವರು ಹಿರೇಹಳ್ಳಿಯ ಗಿಡ್ಡ ತಳಿಯಿಂದ ಸಂಕರ ತಳಿಗಳನ್ನು ತಯಾರಿಸಿದ್ದಾರೆ. ಇವೆಲ್ಲ ಪ್ರಶಂಸಾರ್ಹವೇ. ಆದರೆ ಅಜ್ಜ ನೆಟ್ಟ ಮರಗಳಿರುವ ತೋಟಕ್ಕೆ ನೆಲದ ಮೇಲೆ ನಿಂತು ಕೆಲಸ ಮಾಡಿಸುವ ದೋಟಿಯೇ ಇಂದು ಮುಖ್ಯ ಆಸರೆಯಾಗಿದೆ.

ದೋಟಿಗೆ ಮೊದಲ ಸಾಮಗ್ರಿ ಬಿದಿರು. ಬಿದಿರನ್ನು ಆಯುವುದರಲ್ಲಿ ಹಿರಿಯರಿಗಿದ್ದ ವಿವೇಕ ಇಂದಿನ ಕೊಳ್ಳುವವರಿಗೂ ಪಾಠವಾಗತಕ್ಕದ್ದು. ಮೆಳೆಯಲ್ಲಿ ಎದ್ದು ಕಾಣುವ ಆ ವರ್ಷದ ಹಸಿರು ಗಳವನ್ನು ಅವರು ಕಡಿಯುತ್ತಿರಲಿಲ್ಲ. ಅದು ಉದ್ದವಾಗಿ ನೇರವಾಗಿ ಇರುತ್ತದೆ, ನಿಜ; ಆದರೆ ಒಣಗಿದಾಗ ಸುಕ್ಕುಗಟ್ಟಿ ಸೀಳುತ್ತದೆ. ಮೂರು ನಾಲ್ಕು ವರ್ಷ ಬಲಿತು, ಹೊಳಪು ಮಾಸಿ, ಗೆಣ್ಣುಗಳ ನಡುವಿನ ಅಂತರ ಕಡಿಮೆಯಿರುವ ಗಳವೇ ಆಗಬೇಕು. ಹೆಬ್ಬಿದಿರು ದಪ್ಪ ಹೌದು, ಒಳಗೆ ಪೊಳ್ಳು ಹೆಚ್ಚು. ಕಿರುಬಿದಿರು ಬಹುಮಟ್ಟಿಗೆ ಒಳಗೂ ಗಟ್ಟಿ, ಆದರೆ ಅದರ ಉದ್ದಕ್ಕೆ ಮಿತಿಯಿದೆ. ಬೆರಳ ಗೆಣ್ಣಿನಿಂದ ತಟ್ಟಿ ನಾದ ಕೇಳುವರು. ಟಣ್ಣೆಂದರೆ ಸರಿ, ದಬ್ಬೆಂದರೆ ಒಳಗೆ ಹುಳು ಹೊಕ್ಕಿದೆಯೆಂದು ಅರ್ಥ. ಬಿದಿರಿನಲ್ಲಿರುವ ಹಿಟ್ಟಿನ ಅಂಶವೇ ಹುಳುವಿಗೆ ಆಹಾರವಾದುದರಿಂದ, ಕಡಿದ ಗಳವನ್ನು ಕೆಲವು ವಾರ ಹರಿವ ನೀರಿನಲ್ಲಿ ಮುಳುಗಿಸಿ, ಬಳಿಕ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುವ ಪದ್ಧತಿಯಿತ್ತು. ಹೀಗೆ ಪಳಗಿದ ಗಳ ಹಲವು ವರ್ಷ ಬಾಳುತ್ತದೆ. ಬಿದಿರಿನ ದೊಡ್ಡ ಗುಣವೊಂದುಂಟು: ಅದು ಮುರಿಯುವ ಮುನ್ನ ಹೇಳಿ ಮುರಿಯುತ್ತದೆ. ಚಟಚಟನೆ ಸದ್ದಾಗಿ, ನಾರು ಬಿಚ್ಚಿ, ಹಿಡಿದವನಿಗೆ ಎರಡು ಹೆಜ್ಜೆ ಹಿಂದೆ ಸರಿಯುವಷ್ಟು ಅವಕಾಶ ಕೊಡುತ್ತದೆ.

ಆದರೆ ಒಂದೇ ಗಳ ಮೂವತ್ತು ಮೂವತ್ತೈದು ಅಡಿಗಿಂತ ಉದ್ದವಾದರೆ ಅದನ್ನು ಎತ್ತುವುದೇ ಒಂದು ಸಾಹಸ. ಎರಡು ಗಳಗಳನ್ನು ಹಗ್ಗದಿಂದ ಜೋಡಿಸಿದರೆ ಜೋಡಣೆಯಲ್ಲಿ ಸಡಿಲು. ಅಲ್ಯೂಮಿನಿಯಂ ಕೊಳವೆಗಳು ಬಂದಾಗ ಉದ್ದದ ತೊಡಕು ಸ್ವಲ್ಪ ನೀಗಿತು. ಅವು ಒಮ್ಮೆ ಬಾಗಿದರೆ ಮತ್ತೆ ನೇರವಾಗವೆಂಬುದೂ, ವಿದ್ಯುತ್ತಿನ ಭಯವೂ ಉಳಿದವು. ಈಚಿನ ವರ್ಷಗಳಲ್ಲಿ ಹರಡಿರುವುದು ಇಂಗಾಲದ ನಾರಿನ ದೋಟಿ, ಜನರ ಮಾತಿನಲ್ಲಿ ಕಾರ್ಬನ್ ಫೈಬರ್ ದೋಟಿ. ಕೂದಲಿಗಿಂತ ಸಣ್ಣದಾದ ಇಂಗಾಲದ ಎಳೆಗಳನ್ನು ಗಟ್ಟಿಯಾಗುವ ಅಂಟಿನಲ್ಲಿ ಅದ್ದಿ, ಅಚ್ಚಿಗೆ ಸುತ್ತಿ, ಕಾಯಿಸಿ ಮಾಡಿದ ಕೊಳವೆಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಒಂದೊಂದನ್ನೇ ಎಳೆದು ಕ್ಲ್ಯಾಂಪು ಬಿಗಿದರೆ ಅರುವತ್ತು ಎಪ್ಪತ್ತು ಅಡಿ. ಯೋಚಿಸಿ ನೋಡಿದರೆ ಬಿದಿರಿನ ರಚನೆಯೂ ಇದೇ: ನಾರು, ನಾರನ್ನು ಹಿಡಿದಿಡುವ ಅಂಟು, ಒಳಗೆ ಪೊಳ್ಳು. ಒಂದು ಘನ ಅಳತೆಯ ಅಲ್ಯೂಮಿನಿಯಂ 27 ತೂಗಿದರೆ ಅಷ್ಟೇ ಅಳತೆಯ ಇಂಗಾಲದ ನಾರಿನ ಸಂಯುಕ್ತ ಸುಮಾರು 16 ತೂಗುತ್ತದೆ, ಉಕ್ಕಾದರೆ 78. ತೂಕ ಕಡಿಮೆ, ಬಿಗುಪು ಹೆಚ್ಚು. ಗಾಜಿನ ನಾರಿನ ಕೊಳವೆಗಳು ಬೆಲೆಯಲ್ಲಿ ಅಗ್ಗ, ಆದರೆ ಭಾರವೂ ಬಳುಕೂ ಜಾಸ್ತಿ.

ಕೊಳ್ಳುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಅಡಿ? ನೆರೆಮನೆಯವರು ಅರುವತ್ತು ಅಡಿಯದನ್ನು ತಂದಿದ್ದರೆ ಈ ಮನೆಯವರಿಗೆ ಎಪ್ಪತ್ತು ಬೇಕು. ಉದ್ದಕ್ಕೆ ಕೊಡಬೇಕಾದ ಬೆಲೆ ಹಣದಲ್ಲಿ ಮಾತ್ರವಲ್ಲ. ಕೋಲನ್ನು ಅಡ್ಡವಾಗಿ ಹಿಡಿದು ತುದಿಗೆ ಒಂದು ತೂಕವನ್ನು ಕಟ್ಟಿದರೆ, ಉದ್ದ ಇಮ್ಮಡಿಯಾದಾಗ ತುದಿಯ ಬಾಗು ಎಂಟುಮಡಿಯಾಗುತ್ತದೆ. ಸ್ವಂತ ಭಾರದಿಂದಲೇ ಆಗುವ ಬಾಗು ಹದಿನಾರು ಮಡಿ. ಮೂವತ್ತು ಅಡಿಯಲ್ಲಿ ಒಂದು ಗೇಣು ಜೋಲುವ ಕೊಳವೆಯನ್ನು ಅದೇ ದಪ್ಪದಲ್ಲಿ ಅರುವತ್ತು ಅಡಿಗೆ ಬೆಳೆಸಿದರೆ ಹದಿನಾರು ಗೇಣು, ಎಂದರೆ ಹನ್ನೆರಡು ಅಡಿ ಜೋಲುತ್ತದೆ. ಇದನ್ನು ತಡೆಯಲು ಬುಡದ ಕೊಳವೆಗಳನ್ನು ದಪ್ಪ ಮಾಡುತ್ತಾರೆ. ಗೋಡೆಯ ದಪ್ಪವನ್ನು ಹಾಗೆಯೇ ಇಟ್ಟು ವ್ಯಾಸವನ್ನು ಇಮ್ಮಡಿಸಿದರೆ ತೂಕ ಎರಡರಷ್ಟು, ಬಿಗುಪು ಎಂಟರಷ್ಟು. ಆದುದರಿಂದ ಒಂದೇ ಉದ್ದದ ಎರಡು ದೋಟಿಗಳಲ್ಲಿ ಬುಡ ದಪ್ಪವಿರುವುದನ್ನು ಆಯುವುದು ಲೇಸು, ಹಿಡಿಯುವ ಕೈ ಅದನ್ನು ಸುತ್ತುವಷ್ಟು ದೊಡ್ಡದಿದ್ದರೆ.

ನೆಟ್ಟಗೆ ನಿಂತ ದೋಟಿ ಹಗುರ. ಓರೆಯಾದ ಕ್ಷಣದಲ್ಲಿ ಭಾರ. 5 ಕಿಲೋ ತೂಕದ ಅರುವತ್ತು ಅಡಿಯ ದೋಟಿಯ ತುದಿ ಆರಡಿ ಅತ್ತ ವಾಲಿತೆನ್ನಿ. ಭಾರವೆಲ್ಲ ನಡುವಿನಲ್ಲಿದೆಯೆಂದು ಭಾವಿಸಿದರೆ, ಐದು ಕಿಲೋವನ್ನು ಮೂರಡಿ ದೂರ ಚಾಚಿ ಹಿಡಿದಷ್ಟು ಎಳೆತ ಮುಂಗೈಯ ಮೇಲೆ ಬೀಳುತ್ತದೆ. ಸಿಂಪಡಿಸುವ ದೋಟಿಗೆ ಇನ್ನೊಂದು ಹೊರೆಯುಂಟು, ಅದನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. 8 ಮಿಲಿಮೀಟರು ಒಳವ್ಯಾಸದ ರಬ್ಬರು ಕೊಳವೆಯನ್ನು ಅರುವತ್ತು ಅಡಿ ಮೇಲಕ್ಕೊಯ್ದರೆ ಅದರೊಳಗೆ ನಿಂತ ದ್ರಾವಣವೇ ಸುಮಾರು 900 ಮಿಲಿಲೀಟರು. ಕೊಳವೆಯ ತೂಕ ಬೇರೆ. ಅಂಗಡಿಯಲ್ಲಿ ಬರಿದಾದ ದೋಟಿಯನ್ನು ಎತ್ತಿ ನೋಡಿ ಹಗುರವೆಂದು ಸಂತೋಷಪಟ್ಟವನು ತೋಟದಲ್ಲಿ ಬೇರೊಂದೇ ವಸ್ತುವನ್ನು ಎತ್ತುತ್ತಾನೆ. ಆದ್ದರಿಂದ ತೋಟದ ಅತ್ಯಂತ ಎತ್ತರದ ಮರಗಳ ಕೊನೆ ಎಷ್ಟು ಎತ್ತರದಲ್ಲಿದೆಯೆಂಬುದನ್ನು ಮೊದಲು ಅಳೆದುಕೊಳ್ಳಬೇಕು. ಅದರಲ್ಲಿ ಎತ್ತಿದ ಕೈಯ ಎತ್ತರವನ್ನು ಕಳೆದು, ಸೋಗೆಗೆ ಬೇಕಾದ ನಾಲ್ಕೈದು ಅಡಿಯನ್ನು ಕೂಡಿಸಿದರೆ ಬೇಕಾದ ಉದ್ದ ಸಿಕ್ಕಿತು. ನೂರು ಮರಗಳಲ್ಲಿ ನಾಲ್ಕು ಮಾತ್ರ ಎಪ್ಪತ್ತು ಅಡಿಯಿದ್ದರೆ ಆ ನಾಲ್ಕಕ್ಕಾಗಿ ಉಳಿದ ತೊಂಬತ್ತಾರು ಮರಗಳ ಬುಡದಲ್ಲಿ ಹೆಚ್ಚಿನ ಭಾರವನ್ನು ಹೊರಿಸುವುದು ದುಡಿಯುವವನಿಗೆ ಮಾಡುವ ಅನ್ಯಾಯ. ಆ ನಾಲ್ಕಕ್ಕೆ ಒಬ್ಬ ಕೊನೆಗಾರನನ್ನು ಕರೆದರಾಯಿತು.

ಉದ್ದ, ಬಿಗುಪು, ಬಾಳಿಕೆ ಇವುಗಳ ವಿಚಾರ ಮಲೆನಾಡಿಗೆ ಮಾತ್ರ ಸೀಮಿತವಲ್ಲ. ಹಿಮದ ನಾಡುಗಳಲ್ಲಿ ಕಾಲಿಗೆ ಕಟ್ಟಿಕೊಂಡು ಜಾರುವ ಸ್ಕೀ ಎಂಬ ಹಲಗೆಗಳ ಬಗೆಗೂ ಇದೇ ಜಿಜ್ಞಾಸೆಯುಂಟು. ಗುಲ್ಮಾರ್ಗ, ಔಲಿಗಳ ಈ ಕ್ರೀಡೆ ಕನ್ನಡಿಗರಿಗೆ ದೂರದ್ದೆನಿಸಿದರೂ, ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿದ ಮೇಲೆ ಅಷ್ಟು ಅಪರಿಚಿತವಾಗಿ ಉಳಿದಿಲ್ಲ. ಅವರದು ಸಪಾಟು ಹಿಮದ ಮೇಲೆ ದೂರ ಓಡುವ ಸ್ಪರ್ಧೆ. ಅದಕ್ಕೆ ಕಿರಿದಾದ ಹಗುರ ಹಲಗೆ. ಬೆಟ್ಟದ ಇಳಿಜಾರಿನಲ್ಲಿ, ಗಟ್ಟಿ ಹಿಮ, ಪುಡಿ ಹಿಮ, ಒಡೆದ ಹಿಮ ಎಲ್ಲದರ ಮೇಲೂ ಇಳಿಯುವವರ ಹಲಗೆ ಬೇರೆ. ಅವರಲ್ಲಿ ಬಲಶಾಲಿಗಳೂ ನುರಿತವರೂ ಆದವರು ತಮ್ಮ ಎತ್ತರವನ್ನು ಮೀರಿದ, ಬಳುಕದ, ಮರದ ತಿರುಳಿಗೆ ಲೋಹದ ತಗಡು ಬೆಸೆದ ಹಲಗೆಯನ್ನು ಆಯುತ್ತಾರೆ. ವೇಗ ಹೆಚ್ಚಿದಾಗ ಅದು ಅದುರದೆ ನೆಲ ಹಿಡಿಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಅದೇ ಹಲಗೆಯನ್ನು ಹೊಸಬನ ಕಾಲಿಗೆ ಕಟ್ಟಿದರೆ ಅದು ತಿರುಗಲೊಲ್ಲದು, ಅವನ ಚಿಕ್ಕ ತಪ್ಪನ್ನೂ ಕ್ಷಮಿಸದು. ಬಿಗುಪಾದ ಉಪಕರಣವು ಬಲ್ಲವನ ಬಲವನ್ನು ಹೇಗೆ ಪೂರ್ಣವಾಗಿ ತುದಿಗೆ ಮುಟ್ಟಿಸುವುದೋ ಹಾಗೆಯೇ ಅರಿಯದವನ ತಪ್ಪನ್ನೂ ಪೂರ್ಣವಾಗಿ ಮುಟ್ಟಿಸುತ್ತದೆ. ದೋಟಿಗೂ ಈ ಮಾತು ಸಲ್ಲುತ್ತದೆ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಹಲಗೆಯ ಭಾರವನ್ನು ಬೆಟ್ಟವೇ ಹೊರುವುದರಿಂದ ಅಲ್ಲಿ ತೂಕವೂ ಒಂದು ಗುಣ. ದೋಟಿಯ ಭಾರವನ್ನು ಹೊರುವುದು ಮನುಷ್ಯನ ತೋಳು.

ಹಾಗಾದರೆ ಬಲಶಾಲಿ ಯಾರು? ತೋಳು ದಪ್ಪವಿದ್ದವನೆಂದು ತಿಳಿದರೆ ತಪ್ಪಾದೀತು. ದೋಟಿ ಹಿಡಿಯುವುದರಲ್ಲಿ ನುರಿತವರನ್ನು ಗಮನಿಸಿದರೆ ಅವರು ತೋಳಿನಿಂದ ಎತ್ತುವುದು ಕಡಿಮೆ. ಬುಡವನ್ನು ನೆಲಕ್ಕೆ ಊರಿ, ಒಬ್ಬನು ಅದಕ್ಕೆ ಕಾಲು ಕೊಟ್ಟು, ಇನ್ನೊಬ್ಬನು ನಡುವಿನಿಂದ ತಳ್ಳುತ್ತ ನಡೆದು ಬಂದು ನೆಟ್ಟಗೆ ನಿಲ್ಲಿಸುತ್ತಾನೆ. ಬಳಿಕ ಒಂದೊಂದೇ ಕೊಳವೆಯನ್ನು ಮೇಲಕ್ಕೆ ಏರಿಸುತ್ತಾರೆ. ಮರದಿಂದ ಮರಕ್ಕೆ ಹೋಗುವಾಗ ಸೊಂಟದಿಂದ ನಡೆ. ಬಸಿಗಾಲುವೆಯನ್ನು ದಾಟುವಾಗ ಉದ್ದವನ್ನು ಕುಗ್ಗಿಸಿಕೊಳ್ಳುವ ತಾಳ್ಮೆ. ಗಾಳಿ ಬಂದಾಗ ಕೆಲಸ ನಿಲ್ಲಿಸುವುದು ಇದರಲ್ಲಿ ಸೇರಿದೆ. ಕತ್ತು ಮೇಲೆತ್ತಿಯೇ ಇಡೀ ದಿನ ನಿಲ್ಲಬೇಕಾದ ಕೆಲಸವಾದುದರಿಂದ ಕತ್ತಿನ ನರಗಳಿಗೆ ವಿಶ್ರಾಂತಿ ಅತ್ಯವಶ್ಯ. ಇಬ್ಬರು ಸರದಿಯಲ್ಲಿ ಹಿಡಿದರೆ ಒಳ್ಳೆಯದು. ಕೊಯ್ದ ಕೊನೆ ಕೆಲವು ಕಿಲೋ ತೂಗುವುದರಿಂದ ಅದರ ಕೆಳಗೆ ಯಾರೂ ನಿಲ್ಲಕೂಡದು. ಬಲೆಯನ್ನೋ ತಾಡಪಾಲನ್ನೋ ಹಿಡಿಯುವವರೂ ಅಂಚಿನಲ್ಲಿರಬೇಕು; ತಲೆಗೆ ಟೋಪಿ ಇರಬೇಕು. ಹೊಸದಾಗಿ ಕಲಿಯುವವನಿಗೆ ಮೂವತ್ತು ಅಡಿಯ ಎಳೆಯ ತೋಟದಲ್ಲಿ ಒಂದು ಕೊಯ್ಲು ಮುಗಿಯುವವರೆಗೆ ಅಭ್ಯಾಸ ಮಾಡಿಸದೆ ಪೂರ್ಣ ಉದ್ದದ ದೋಟಿಯನ್ನು ಕೊಡುವುದು ಅವಿವೇಕ. ಕೊನೆಗಾರನ ವಿದ್ಯೆಗೆ ವರ್ಷಗಳ ಅಭ್ಯಾಸ ಬೇಕೆಂದು ಒಪ್ಪುವವರೇ ದೋಟಿಗೆ ವಿದ್ಯೆ ಬೇಡವೆಂದು ಭಾವಿಸುವುದು ಆಶ್ಚರ್ಯಕರ.

ಹತ್ತಾರು ಸಾವಿರ ರೂಪಾಯಿ ತೆತ್ತು ಕೊಳ್ಳುವಾಗ ಪರೀಕ್ಷಿಸತಕ್ಕ ಅಂಶಗಳನ್ನು ಇಷ್ಟರಲ್ಲಿ ಹೇಳಬಹುದು. ದೋಟಿಯನ್ನು ಅಂಗಡಿಯ ಮುಂದೆಯೇ ಪೂರ್ಣವಾಗಿ ಬಿಚ್ಚಿಸಬೇಕು. ಕ್ಲ್ಯಾಂಪು ಬಿಗಿದ ಮೇಲೆ ಪ್ರತಿಯೊಂದು ಸಂದಿಯನ್ನೂ ತಿರುಚಿ ನೋಡಬೇಕು. ಸಂದಿಯ ಸಡಿಲು ಬುಡದಲ್ಲಿ ಎಳ್ಳಷ್ಟಿದ್ದರೆ ತುದಿಯಲ್ಲಿ ಗೇಣಷ್ಟಾಗುತ್ತದೆ. ಒಳಗೊಳವೆಯು ಹೊರಗೊಳವೆಯೊಳಗೆ ಒಂದಡಿಯಾದರೂ ಉಳಿದಿರಬೇಕು. ಒಂದು ನಾಣ್ಯದಿಂದ ಕೊಳವೆಯ ಉದ್ದಕ್ಕೂ ಮೆಲ್ಲನೆ ತಟ್ಟುತ್ತ ಬಂದರೆ ನಾದ ಒಂದೇ ಸಮನಾಗಿರಬೇಕು. ಎಲ್ಲಿ ಮಂಕಾಗುವುದೋ ಅಲ್ಲಿ ಪದರಗಳು ಒಳಗೇ ಬಿಟ್ಟುಕೊಂಡಿವೆಯೆಂದು ಅನುಮಾನಿಸಬೇಕು. ಬಿದಿರನ್ನು ತಟ್ಟಿ ನೋಡುತ್ತಿದ್ದ ಅಜ್ಜನ ಪರೀಕ್ಷೆಯೇ ಇದು! ಇಂಗಾಲದ ನಾರಿನ ಬಲವೆಲ್ಲ ನಾರು ಹರಿದ ದಿಕ್ಕಿನಲ್ಲಿರುವುದರಿಂದ, ಅರುವತ್ತು ಅಡಿ ಎತ್ತರದಲ್ಲಿ ಎಳೆತವನ್ನು ತಾಳಿದ ಕೊಳವೆ ನೆಲದ ಮೇಲೆ ಮಲಗಿರುವಾಗ ಒಂದು ಕೊನೆ ಬಿದ್ದರೆ ಅಥವಾ ಯಾರಾದರೂ ತುಳಿದರೆ ಒಡೆಯಬಹುದು. ಬಿದಿರಿನಂತೆ ಅದು ಮುನ್ಸೂಚನೆ ಕೊಡದು. ಮುರಿದ ಅಂಚಿನ ಸಿಬಿರು ಕೈಗೆ ಹೊಕ್ಕರೆ ತೆಗೆಯುವುದು ಕಷ್ಟ. ಸೀಳು ಕಂಡ ಕೊಳವೆಗೆ ಪಟ್ಟಿ ಸುತ್ತಿ ಮುಂದುವರಿಸದೆ ಆ ಭಾಗವನ್ನು ಬದಲಾಯಿಸಬೇಕು. ಬಿಡಿಭಾಗಗಳು ಕೊಪ್ಪದಲ್ಲಿಯೋ ಶಿವಮೊಗ್ಗದಲ್ಲಿಯೋ ಸಿಗುವುದೇ ಎಂದು ವಿಚಾರಿಸಿ ಕೊಳ್ಳುವುದು ಜಾಣತನ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ. ಫೈಬರ್ ಎಂಬ ಪದ ಜನರ ಕಿವಿಗೆ ಪ್ಲಾಸ್ಟಿಕ್ಕಿನ ಸಮಾನಾರ್ಥಕವಾಗಿ ಬಿದ್ದಿದೆ. ಫೈಬರ್ ಕುರ್ಚಿ, ಫೈಬರ್ ಬಾಗಿಲು ಎಂದು ಹೇಳಿ ಹೇಳಿ, ಫೈಬರ್ ಎಂದರೆ ಕರೆಂಟು ಹೊಡೆಯದ ವಸ್ತುವೆಂಬ ನಂಬಿಕೆ ಬೇರೂರಿದೆ. ಆ ಪದಕ್ಕೆ ನಾರು ಎಂದಷ್ಟೇ ಅರ್ಥ. ಯಾವುದರ ನಾರು ಎಂಬುದರ ಮೇಲೆ ಗುಣ ನಿಲ್ಲುತ್ತದೆ. ಗಾಜಿನ ನಾರು ಒಣಗಿರುವಾಗ ವಿದ್ಯುತ್ತನ್ನು ತಡೆಯುತ್ತದೆ. ಇಂಗಾಲದ ನಾರು ವಿದ್ಯುತ್ತನ್ನು ಹರಿಯಗೊಡುತ್ತದೆ. ತೋಟದ ಮೇಲೆ ಹಾದುಹೋಗುವ 11,000 ವೋಲ್ಟಿನ ತಂತಿಗೆ ಕಾರ್ಬನ್ ದೋಟಿಯ ತುದಿ ತಾಗಿದರೆ ಲೋಹದ ದೋಟಿ ತಾಗಿದಂತೆಯೇ ಸರಿ. ತೀರ ಹತ್ತಿರ ಹೋದರೂ ಕಿಡಿ ಹಾರೀತು. ಮೈಲುತುತ್ತದ ದ್ರಾವಣದಿಂದ ತೊಯ್ದಿರುವಾಗ ಬಿದಿರನ್ನೂ ಗಾಜಿನ ನಾರನ್ನೂ ನಂಬುವಂತಿಲ್ಲ. ಬುಡಕ್ಕೆ ರಬ್ಬರಿನ ಹಿಡಿ ಇದೆ, ಕಾಲಿಗೆ ಗಂಬೂಟು ಇದೆ ಎಂಬ ಧೈರ್ಯ ಈ ಒತ್ತಡದ ವಿದ್ಯುತ್ತಿನೆದುರು ಸಲ್ಲದು. ಕೊಯ್ಲಿನ ಕಾಲದಲ್ಲಿ ದೋಟಿ ವಿದ್ಯುತ್ ತಂತಿಗೆ ತಗುಲಿ ದುಡಿಯುವವರು ಮಡಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ಮರದಿಂದ ಬೀಳುವ ಭಯವನ್ನು ತಪ್ಪಿಸಲು ಬಂದ ಸಾಧನದಿಂದ ಇಂತಹ ಸಾವು ಬರುವುದು ಅತ್ಯಂತ ವಿಷಾದಕರ; ಅದಕ್ಕೆ ಕಾರಣ ಬಹುಮಟ್ಟಿಗೆ ಒಂದು ಪದದ ತಪ್ಪುಗ್ರಹಿಕೆಯೆಂಬುದು ಇನ್ನೂ ವಿಷಾದಕರ.

ಮಾಡತಕ್ಕದ್ದು ಸರಳವಾಗಿದೆ. ಕೊಯ್ಲಿಗೆ ಮುನ್ನ ತೋಟದ ಯಜಮಾನನೇ ಆಳುಗಳೊಡನೆ ತೋಟವನ್ನು ಸುತ್ತಿ ತಂತಿ ಹಾದುಹೋಗುವ ಸಾಲುಗಳನ್ನು ತೋರಿಸಬೇಕು. ಆ ಮರಗಳ ಕಾಂಡಕ್ಕೆ ಎದೆಯೆತ್ತರದಲ್ಲಿ ಕೆಂಪು ಬಣ್ಣ ಬಳಿಯಬೇಕು. ದೋಟಿಯನ್ನು ಪೂರ್ಣವಾಗಿ ಚಾಚಿ, ಅದು ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ಮುಟ್ಟದಷ್ಟು ದೂರದಲ್ಲಿ ಮಾತ್ರ ಕೆಲಸ ನಡೆಯಬೇಕು. ಅರುವತ್ತು ಅಡಿಯ ದೋಟಿಗೆ ಅರುವತ್ತು ಅಡಿ ದೂರವೂ ಸಾಲದು, ಇನ್ನಷ್ಟು ಬೇಕು. ಬಣ್ಣ ಬಳಿದ ಮರಗಳ ಕೊಯ್ಲಿಗೆ ವಿದ್ಯುತ್ ಕಚೇರಿಗೆ ಬರೆದು ತಿಳಿಸಿ, ಮಾರ್ಗವನ್ನು ನಿಲ್ಲಿಸಿರುವುದು ಖಚಿತವಾದ ಮೇಲೆಯೇ ಕೈಹಾಕಬೇಕು. ಅದು ಆಗದಿದ್ದರೆ ಆ ಕೊನೆಗಳು ಹಣ್ಣಾಗಿ ಉದುರಲಿ, ಗೋಟು ಹೆಕ್ಕಿದರಾಯಿತು. ಕೆಲಸ ಮುಗಿದ ದಿನ ದೋಟಿಯ ಕೊಳವೆಗಳನ್ನು ಬಿಡಿಸಿ, ಸಂದಿಗಳೊಳಗೆ ಸೇರಿದ ಮರಳು ಮತ್ತು ಸುಣ್ಣದ ಕಣಗಳನ್ನು ಸಿಹಿನೀರಿನಿಂದ ತೊಳೆದು ಒಣಗಿಸಬೇಕು. ಬಿಸಿಲು ಅಂಟನ್ನು ಕೆಡಿಸುವುದರಿಂದ ಅಂಗಳದಲ್ಲಿ ಬಿಡದೆ ಕೊಟ್ಟಿಗೆಯ ಜಂತಿಯ ಕೆಳಗೆ, ಮೂರು ನಾಲ್ಕು ಕಡೆ ಆಸರೆ ಕೊಟ್ಟು ಮಲಗಿಸಬೇಕು. ಹಳೆಯ ಬಿದಿರಿನ ದೋಟಿಯನ್ನು ಇಡುತ್ತಿದ್ದ ಜಾಗವೂ ಅದೇ.